ಮೊಟ್ಟೆಯಾಕಾರದ ಡ್ರಮ್ಮಿಗೆ ಹೆಡ್ ಎಲ್ಲಿ ಸಿಗುತ್ತದೆ?

ಪರದೆಯ ಮೇಲಿರುವ ಬಾಸ್ ಡ್ರಮ್ಮನ್ನು ಸರಿಯಾಗಿ ನೋಡಿ. ಫೋಟೋ ಎಳೆದು ಅಗಲ ಮಾಡಿದ್ದಲ್ಲ, ಪ್ರೊಜೆಕ್ಟರ್ ಕೆಟ್ಟೂ ಇಲ್ಲ. ಡ್ರಮ್ಮೇ ಹಾಗಿದೆ: ಗಾಳಿ ಇಳಿದ ಟೈರಿನಂತೆ, ಅಡ್ಡ ಮಲಗಿಸಿದ ಮೊಟ್ಟೆಯಂತೆ. ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ ಟ್ರಿಕ್ಸನ್ ಕಂಪನಿಯ ‘ಸ್ಪೀಡ್‌ಫೈರ್’ ಇದು. ಕಂಡವರೆಲ್ಲ ಮೊದಲು ಕೇಳುವುದು ಇದರ ನಾದ ಹೇಗಿರುತ್ತದೆ ಎಂದು. ಹಳೆಯ ಕಿಟ್ ರಿಪೇರಿ ಮಾಡುವವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಬೇರೆ: ಇದಕ್ಕೆ ಹೆಡ್, ಅಂದರೆ ಪೆಟ್ಟು ಬೀಳುವ ಹೊದಿಕೆ, ಎಲ್ಲಿ ಸಿಗುತ್ತದೆ?

ನನ್ನ ಮಾತೆಲ್ಲ ಈ ಎರಡನೇ ಪ್ರಶ್ನೆಯ ಸುತ್ತಲೇ ಇರುತ್ತದೆ. ವಿಚಿತ್ರ ಕಿಟ್ ಕಟ್ಟಿದವರಲ್ಲಿ ದಡ್ಡರು ಕಡಿಮೆ. ಆದರೂ ಕೆಲವರ ಡ್ರಮ್ ಇಂದಿಗೂ ವೇದಿಕೆಯಲ್ಲಿ ಬಾರಿಸಲು ಬರುತ್ತದೆ, ಕೆಲವರದ್ದು ಗಾಜಿನ ಕಪಾಟು ಸೇರಿದೆ. ಡ್ರಮ್ಮಿನಲ್ಲಿ ಸವೆಯುವ ಭಾಗ ಹೆಡ್. ಹೆಡ್ಡಿನ ಅಳತೆಯನ್ನು ಮುಟ್ಟದೆ ಉಳಿದದ್ದನ್ನೆಲ್ಲ ಬದಲಿಸಿದವರು ಬಚಾವಾದರು. ಹೆಡ್ಡಿಗೇ ಕೈಹಾಕಿದವರ ಡ್ರಮ್ಮು, ಕಾರ್ಖಾನೆ ಬಾಗಿಲು ಹಾಕಿದ ದಿನವೇ ಅನಾಥವಾಯಿತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಡ್ರಮ್ ಕಿಟ್ ಎಂಬುದೇ ಮೂರು ಜನರ ಕೆಲಸವನ್ನು ಒಬ್ಬನ ತಲೆಗೆ ಕಟ್ಟಿದ ಏರ್ಪಾಡು. ಪೆಡಲ್ ಬಳಕೆಗೆ ಬರುವ ಮುಂಚೆ ನಾಟಕಶಾಲೆಯ ಡ್ರಮ್ಮರ್ ದೊಡ್ಡ ಬಾಸ್ ಡ್ರಮ್ಮನ್ನು ಚಟಚಟ ಸದ್ದಿನ ಚಿಕ್ಕ ಸ್ನೇರ್ ಡ್ರಮ್ಮಿನ ಪಕ್ಕದಲ್ಲೇ ಇಟ್ಟುಕೊಂಡು, ಅದೇ ಕೋಲಿನಿಂದ ಒಂದು ಪೆಟ್ಟು ಅಲ್ಲಿ, ಮರುಕ್ಷಣ ಇಲ್ಲಿ ಹೊಡೆಯುತ್ತಿದ್ದ. 1909ರಲ್ಲಿ ಶಿಕಾಗೊದ ವಿಲಿಯಂ ಲಡ್ವಿಗ್ ತಮ್ಮ ಥಿಯೊಬಾಲ್ಡ್ ಜೊತೆ ಸೇರಿ ಕಂಪನಿ ತೆರೆದದ್ದೇ ವೇಗವಾಗಿ ಆಡುವ ಕಾಲಿನ ಪೆಡಲ್ ಮಾರಲು. ಕಿಟ್ಟಿನ ಉಳಿದ ಡ್ರಮ್ಮುಗಳಾದ ಟಾಮ್‌ಗಳ ಕಥೆಯೂ ಅಷ್ಟೇ. ಆಗಿನವು ಚೀನೀ ಮಾದರಿಯವು. ಚರ್ಮವನ್ನು ಶೆಲ್ಲಿಗೆ, ಅಂದರೆ ಡ್ರಮ್ಮಿನ ಟೊಳ್ಳು ಮೈಗೆ, ಮೊಳೆ ಹೊಡೆದು ಕೂರಿಸುತ್ತಿದ್ದರು. ಶ್ರುತಿ ಏರಿಸಬೇಕೆಂದರೆ ಬಿಸಿ ತೋರಿಸಬೇಕು. ಎರಡೂ ಕಡೆ ಬಿಗಿ ಮಾಡಬಲ್ಲ ಟಾಮ್ ಬೇಕೆಂದು ಡ್ರಮ್ಮರ್ ಜೀನ್ ಕ್ರೂಪ ಹಟ ಹಿಡಿದರು, 1930ರ ದಶಕದ ನಡುವೆ ಸ್ಲಿಂಗರ್‌ಲ್ಯಾಂಡ್ ಕಂಪನಿ ಅದನ್ನು ಮಾಡಿಕೊಟ್ಟಿತು. ಇವತ್ತು ನಾವು ಮಾಮೂಲಿ ಅಂದುಕೊಂಡಿರುವ ಟಾಮ್ ಒಂದು ಕಾಲದ ಕಸ್ಟಮ್ ಆರ್ಡರ್.

ಅದೇ ಸ್ಲಿಂಗರ್‌ಲ್ಯಾಂಡಿನ ‘ರೇಡಿಯೊ ಕಿಂಗ್’ ಸ್ನೇರ್ ನೋಡಿ. ಒಂದೇ ಹಲಗೆ ಮೇಪಲ್ಲನ್ನು ಹಬೆಯಲ್ಲಿ ಮೆತ್ತಗಾಗಿಸಿ ಸುತ್ತಿ, ತುದಿಗಳನ್ನು ಓರೆಯಾಗಿ ಒಂದರ ಮೇಲೊಂದು ಅಂಟಿಸಿದ ಶೆಲ್. ಪ್ಲೈವುಡ್ಡಿನಲ್ಲಿ ಎಳೆಗಳು ಅಡ್ಡ–ಉದ್ದ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಇಲ್ಲಿ ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ, ಮರಕ್ಕೆ ತನ್ನ ಹಳೆಯ ನೇರಕ್ಕೆ ಮರಳುವ ಆಸೆ ಬಿಟ್ಟಿರುವುದಿಲ್ಲ. ಒಳಗೆ ಮೇಲೂ ಕೆಳಗೂ ಬಲವರ್ಧನೆಯ ಬಳೆ ಕೂರಿಸಿರುವುದು ಅದಕ್ಕೇ. ಕೆಡುವುದು ಎರಡು ಕಡೆ: ಅಂಟಿನ ಜೋಡಣೆ ಬಾಯಿಬಿಡುತ್ತದೆ, ಇಲ್ಲವೇ ವೃತ್ತ ಮೊಟ್ಟೆಯಾಗುತ್ತದೆ.

ಪರೀಕ್ಷೆ ಕಷ್ಟವಲ್ಲ. ಹೆಡ್ ತೆಗೆದು ಹೊರವ್ಯಾಸವನ್ನು ನಾಲ್ಕು ದಿಕ್ಕಿನಲ್ಲಿ ಅಳೆಯಿರಿ. 14 ಇಂಚೆಂದರೆ 355.6 ಮಿ.ಮೀ. ಶೆಲ್ ಅದಕ್ಕಿಂತ ಮೂರು ಮಿ.ಮೀ.ನಷ್ಟು ಕಡಿಮೆ ಇದ್ದರೆ ಹೆಡ್ ಸಲೀಸಾಗಿ ಕೂರುತ್ತದೆ. ನಾಲ್ಕು ಅಳತೆಗಳ ನಡುವೆ ಒಂದೆರಡು ಮಿ.ಮೀ. ವ್ಯತ್ಯಾಸ ಹಳೆಯ ಶೆಲ್ಲಿಗೆ ಸಹಜ. ನಾಲ್ಕೈದು ಇದ್ದರೆ ಹೆಡ್ ಒಂದು ಕಡೆ ಕಚ್ಚಿಕೊಂಡು ಇನ್ನೊಂದು ಕಡೆ ಸಡಿಲವಾಗುತ್ತದೆ. ಎಷ್ಟು ತಿರುಗಿಸಿದರೂ ಶ್ರುತಿ ನಿಲ್ಲುವುದಿಲ್ಲ. ಆಮೇಲೆ ದಪ್ಪ ಗಾಜಿನ ಮೇಲೆ ಶೆಲ್ ಬೋರಲು ಹಾಕಿ, ಒಳಗೆ ದೀಪವಿಟ್ಟು, ಕೋಣೆ ಕತ್ತಲು ಮಾಡಿ ಸುತ್ತ ಕಣ್ಣಾಡಿಸಿ. ಬೆಳಕು ನುಸುಳಿದ ಕಡೆ ಬೇರಿಂಗ್ ಎಡ್ಜ್, ಅಂದರೆ ಹೆಡ್ ಒರಗುವ ಅಂಚು, ತಗ್ಗಿದೆ ಎಂದರ್ಥ. ಹಾಗೆಂದು ತಕ್ಷಣ ರೌಟರ್ ಎತ್ತಿಕೊಳ್ಳಬೇಡಿ. ಹಳೆಯ ಶೆಲ್ಲಿನ ಅಂಚು ದುಂಡಗಿರುವುದು ತಪ್ಪಲ್ಲ. ಹೆಡ್ಡಿಗೆ ಹೆಚ್ಚು ಜಾಗ ತಾಗಿ ನಾದ ಬೇಗ ಅಡಗುವುದು ಆ ದುಂಡಗಿನ ಅಂಚಿನಿಂದಲೇ. ಅದನ್ನು 45 ಡಿಗ್ರಿಗೆ ಚೂಪು ಮಾಡಿದರೆ ಹಳೆಯ ಡ್ರಮ್ಮಿನೊಳಗೆ ಹೊಸ ಡ್ರಮ್ಮಿನ ದನಿ ಬರುತ್ತದೆ, ಹಿಂದಿರುಗುವ ದಾರಿ ಇರುವುದಿಲ್ಲ.

ಈಗ ಟ್ರಿಕ್ಸನ್. ಕಾರ್ಲ್-ಹೈಂಟ್ಸ್ ವೈಮರ್ ಈ ಕಂಪನಿಯ ತಲೆ. 1960ರ ದಶಕದಲ್ಲಿ ಇದೇ ಡ್ರಮ್ಮುಗಳು ಇಂಗ್ಲೆಂಡಿನ ವಾಕ್ಸ್ ಕಂಪನಿಯ ಹೆಸರಿನಲ್ಲೂ ಮಾರಾಟವಾದವು. ಹಾಗಾಗಿ ವಾಕ್ಸ್ ಬಿಲ್ಲೆ ಕಂಡರೆ ನಕಲಿ ಅಂದುಕೊಳ್ಳಬೇಡಿ. ಅವರ ‘ಟೆಲ್‌ಸ್ಟಾರ್’ ಕಿಟ್ಟಿನ ಶೆಲ್‌ಗಳು ಶಂಕುವಿನಾಕಾರ, ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ಶಂಕುವಿನಲ್ಲಿ ಮುಖ್ಯ ತಾಪತ್ರಯ ಲಗ್ಗಿನದು. ಹೆಡ್ ಬಿಗಿ ಮಾಡುವ ಸ್ಕ್ರೂ ಟೆನ್ಶನ್ ರಾಡ್, ಅದು ಕಚ್ಚುವ ಶೆಲ್ಲಿನ ಮೇಲಿನ ಲೋಹದ ತುಂಡು ಲಗ್. ರಾಡ್ ಹೆಡ್ಡಿನ ಸಮತಲಕ್ಕೆ ನೆಟ್ಟಗೆ ಎಳೆಯಬೇಕು, ಗೋಡೆಯೋ ಓರೆ. ಲಗ್ ಗೋಡೆಯ ಜೊತೆ ವಾಲಿದರೆ ರಾಡ್ ಸ್ಕ್ರೂವಿನ ಎಳೆಗಳಲ್ಲಿ ಅಡ್ಡಡ್ಡ ತಿಕ್ಕಿ ಬೇಗ ಸವೆಯುತ್ತದೆ. ಇಷ್ಟಾದರೂ ಟೆಲ್‌ಸ್ಟಾರಿನ ಎರಡೂ ಬಾಯಿ ವೃತ್ತವೇ ಆದ್ದರಿಂದ ಅದಕ್ಕೊಂದು ಗತಿ ಇದೆ.

ಸ್ಪೀಡ್‌ಫೈರಿಗೆ ಆ ಭಾಗ್ಯವಿಲ್ಲ. ಬಾಸ್ ಡ್ರಮ್ಮಿನ ಒಳಗೆ ಅಡ್ಡಗೋಡೆ ಹಾಕಿ ಎರಡು ಕೋಣೆ ಮಾಡಿದ್ದರು. ಎರಡು ಪೆಡಲ್ ಹಾಕಿ ಒಂದೇ ಡ್ರಮ್ಮಿನಲ್ಲಿ ಎರಡು ದನಿ ಹೊರಡಿಸುವುದು ಉದ್ದೇಶ. ಡ್ರಮ್ಮರ್ ಲೂಯಿ ಬೆಲ್ಸನ್ ಹೈಸ್ಕೂಲಿನಲ್ಲಿದ್ದಾಗಲೇ ಎರಡು ಬಾಸ್ ಡ್ರಮ್ಮಿನ ನಕ್ಷೆ ಬರೆದಿದ್ದರು, 1946ರಲ್ಲಿ ಗ್ರೆಚ್ ಕಂಪನಿ ಅದನ್ನು ಕಟ್ಟಿಕೊಟ್ಟಿತು. ಆದರೆ ಎರಡು ಬಾಸ್ ಡ್ರಮ್ಮಿಗೆ ಜಾಗವೂ ಬೇಕು, ಹೊರಲು ಆಳೂ ಬೇಕು. ಒಂದೇ ಡ್ರಮ್ಮಿನಲ್ಲಿ ಮುಗಿಸೋಣ ಎಂಬ ವೈಮರ್ ಯೋಚನೆ ಕಾಗದದ ಮೇಲೆ ಚೆನ್ನಾಗಿತ್ತು. ಕೇಳುವಾಗ ನಿರಾಸೆ. ಎರಡೂ ಕೋಣೆಯ ಮೇಲೆ ಹಾದಿರುವುದು ಒಂದೇ ಹೆಡ್, ಬಿಗಿಯೂ ಒಂದೇ. ವ್ಯತ್ಯಾಸ ಬಂದರೆ ಬೀಟರ್ ಬೀಳುವ ಜಾಗದಿಂದ, ಕೋಣೆಯ ಗಾಳಿಯಿಂದ ಒಂದಿಷ್ಟು. ಇನ್ನೊಂದು ವಿಷಯ ಇದೆ. ವೃತ್ತಾಕಾರದ ಹೆಡ್ಡಿನಲ್ಲಿ ಹಲವು ಕಂಪನಗಳು ಒಂದೇ ಶ್ರುತಿಯ ಜೋಡಿಗಳಾಗಿರುತ್ತವೆ. ಮೊಟ್ಟೆಯಾಕಾರ ಆ ಜೋಡಿಗಳನ್ನು ಒಡೆಯುತ್ತದೆ. ಉದ್ದಕ್ಕೆ ಒಂದು ಶ್ರುತಿ, ಅಡ್ಡಕ್ಕೆ ಅದರ ಹತ್ತಿರದ್ದೇ ಇನ್ನೊಂದು. ಸ್ಪಷ್ಟ ಶ್ರುತಿ ಬೇಕೆಂದವರಿಗೆ ಅದು ಕಿರಿಕಿರಿ, ಬರೀ ‘ಧಬ್’ ಬೇಕೆಂದವರಿಗೆ ಪರವಾಗಿಲ್ಲ. ಎರಡು ಕಾಲು ಒಂದು ಡ್ರಮ್ ಎಂಬ ಆಸೆ ಕೊನೆಗೆ ಈಡೇರಿದ್ದು ಪೆಡಲ್ಲಿನಲ್ಲಿ: ಆಸ್ಟ್ರೇಲಿಯಾದ ಡಾನ್ ಸ್ಲೈಶ್‌ಮನ್ ಮಾಡಿದ ಜೋಡಿ ಪೆಡಲ್, ಆಮೇಲೆ ಡ್ರಮ್ ವರ್ಕ್‌ಶಾಪ್ ಕಂಪನಿಯ 5002. ಡ್ರಮ್ಮನ್ನು ಮುಟ್ಟಲೇ ಇಲ್ಲ ಅವರು.

ಹಾಗಿದ್ದರೆ ಮೊಟ್ಟೆಯ ಹೆಡ್ ಮಾಡುವುದು ಹೇಗೆ? ಚರ್ಮ ಒಂದೇ ದಾರಿ ಅಂದುಕೊಳ್ಳಿ. ಶೆಲ್ಲಿನ ಬಾಯನ್ನು ದಪ್ಪ ರಟ್ಟಿನ ಮೇಲೆ ಬೋರಲಿಟ್ಟು ಗೆರೆ ಎಳೆದುಕೊಳ್ಳಿ. ಆ ಗೆರೆಗಿಂತ ಸುತ್ತಲೂ 2ರಿಂದ 3 ಮಿ.ಮೀ. ಹೊರಗೆ ಒಳಬಳೆ, ಅಂದರೆ ಚರ್ಮ ಸುತ್ತುವ ಬಳೆ, ಬರಬೇಕು, ಇಲ್ಲದಿದ್ದರೆ ಚರ್ಮದ ದಪ್ಪ ಸೇರಿದಾಗ ಬಳೆ ಶೆಲ್ಲಿನ ಮೇಲೆ ಇಳಿಯುವುದಿಲ್ಲ. ತೆಳು ಮೇಪಲ್ ಪಟ್ಟಿಗಳನ್ನು ಅಚ್ಚಿನ ಸುತ್ತ ಪದರ ಪದರವಾಗಿ ಅಂಟಿಸಿ ಬಳೆ ಮಾಡುತ್ತಾರೆ. ಕರುವಿನ ಚರ್ಮವನ್ನು ತಣ್ಣೀರಿನಲ್ಲಿ ಮೆತ್ತಗಾಗುವವರೆಗೆ ನೆನೆಸಿ. ದಪ್ಪ ಚರ್ಮಕ್ಕೆ ಗಂಟೆ ಎರಡು ಗಂಟೆ ಹಿಡಿಯಬಹುದು. ಬಿಸಿನೀರು ಬೇಡವೇ ಬೇಡ, ಚರ್ಮ ಸುರುಟಿ ಅಂಟಾಗುತ್ತದೆ. ಬಾರಿಸುವ ಮುಖ ಕೆಳಗೆ ಮಾಡಿ ಹಾಸಿ, ಮೇಲೆ ಬಳೆ ಇಟ್ಟು, ಸುತ್ತ ಎರಡು ಇಂಚು ಬಿಟ್ಟು ಕತ್ತರಿಸಿ. ಅಂಚನ್ನು ಬಳೆಯ ಮೇಲಿಂದ ಮಡಚಿ ಚಮಚದ ಹಿಡಿಯಿಂದ ಬಳೆಯ ಅಡಿಗೆ ತೂರಿಸುತ್ತಾ ಹೋಗಬೇಕು. ಒಂದು ಕಡೆಯಿಂದ ಶುರುಮಾಡಿ ಸುತ್ತಿಬಿಟ್ಟರೆ ಕೊನೆಗೆ ಸುಕ್ಕೆಲ್ಲ ಒಂದೇ ಕಡೆ ಸೇರುತ್ತದೆ. ಗಡಿಯಾರದ 12, ಎದುರಿಗೆ 6, ಆಮೇಲೆ 3, 9, ಹೀಗೆ ಎದುರು ಬದುರು ಹೋಗಿ.

ಹಸಿ ಚರ್ಮವನ್ನು ಬಿಗಿಯಾಗಿ ಎಳೆಯುವುದೇ ಎಲ್ಲರೂ ಮಾಡುವ ತಪ್ಪು. ನಡುವೆ ಸ್ವಲ್ಪ ಜೋಲು ಇರಲಿ. ಒದ್ದೆಯಿರುವಾಗಲೇ ಶೆಲ್ಲಿನ ಮೇಲೆ ಕೂರಿಸಿ, ಅದನ್ನು ಒತ್ತಿ ಹಿಡಿಯುವ ಹೊರ ಹೂಪ್ ಹಾಕಿ, ಬಳೆ ಅಂಚಿಗಿಂತ ಸುಮಾರು 6ರಿಂದ 10 ಮಿ.ಮೀ. ಕೆಳಗಿಳಿಯುವಷ್ಟು ಸಮನಾಗಿ ತಿರುಗಿಸಿ. ಹಾಗೆಯೇ ಒಂದೆರಡು ದಿನ ನೆರಳಿನಲ್ಲಿ ಒಣಗಲಿ, ಫ್ಯಾನ್ ಬೇಡ, ಬಿಸಿಲು ಬೇಡ. ಒಣಗುವಾಗ ಚರ್ಮ ತಾನೇ ಕುಗ್ಗುತ್ತದೆ. ಮೊದಲೇ ಬಿಗಿ ಮಾಡಿದ್ದರೆ ಒಂದೋ ಹರಿಯುತ್ತದೆ, ಇಲ್ಲವೇ ಬಳೆಯನ್ನೇ ಬಾಗಿಸುತ್ತದೆ. ಅಂಚಿನಲ್ಲಿ ಇಳಿಜಾರು ಬಿಡದೆ ಒಣಗಿಸಿದರೆ ಮುಂದೆ ಶ್ರುತಿ ಇಳಿಸಲು ಜಾಗವೇ ಉಳಿಯುವುದಿಲ್ಲ. ಮೊಟ್ಟೆಯಾಕಾರಕ್ಕೆ ಇನ್ನೊಂದು ಎಚ್ಚರಿಕೆ: ಉದ್ದದ ಚಪ್ಪಟೆ ಬದಿಯಲ್ಲಿ ಹೂಪ್ ಸುಲಭವಾಗಿ ಬಾಗುತ್ತದೆ, ಅಲ್ಲಿಯ ರಾಡುಗಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

ಇಷ್ಟೊಂದು ವಿವರ ಹೇಳಿದ್ದಕ್ಕೆ ಕಾರಣವಿದೆ. ಚರ್ಮದ ಕಾಲದಲ್ಲಿ ಇದು ಡ್ರಮ್ಮರ್‌ಗಳ ದಿನನಿತ್ಯದ ಕೆಲಸವಾಗಿತ್ತು. ಶೆಲ್ ಒಂದಿಷ್ಟು ಹೆಚ್ಚುಕಡಿಮೆ ಇದ್ದರೂ ಬಳೆಯನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. 1957ರಲ್ಲಿ ರೆಮೊ ಬೆಲ್ಲಿಯ ‘ವೆದರ್ ಕಿಂಗ್’ ಹೆಡ್ ಬಂತು, ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯದ್ದು. ಮಳೆ ಬಂದರೆ ಸಡಿಲ, ಬಿಸಿಲು ಬಂದರೆ ಬಿಗಿ ಎಂಬ ಗೋಳಿನಿಂದ ಬಾರಿಸುವವರು ಪಾರಾದರು. ಆದರೆ ಮೈಲಾರನ್ನು ಮನೆಯಲ್ಲಿ ನೆನೆಸಿ ಸುತ್ತಲು ಬರುವುದಿಲ್ಲ. ಕಾರ್ಖಾನೆ ಯಾವ ಇಂಚಿನಲ್ಲಿ ಕೊಡುತ್ತದೋ ಅದೇ ಇಂಚು. ಹವಾಮಾನದಿಂದ ಬಿಡುಗಡೆಯಾದ ಡ್ರಮ್ಮು ಅಳತೆಯ ಕೈಗೆ ಸಿಕ್ಕಿತು. ಇಂಗ್ಲೆಂಡಿನ ಪ್ರೀಮಿಯರ್ ಡ್ರಮ್ಮುಗಳನ್ನೇ ತೆಗೆದುಕೊಳ್ಳಿ. 1960ರ ದಶಕದ ಕೊನೆಯವರೆಗೂ ಅವುಗಳ ಶೆಲ್ ಹೆಸರಿಗೆ 14 ಇಂಚಾದರೂ ಅಗಲ ಕೂದಲೆಳೆಯಷ್ಟು ಹೆಚ್ಚು. ಇಂದಿನ 14 ಇಂಚಿನ ಹೆಡ್ ಅದರ ಮೇಲೆ ಕೂರದು, ಒತ್ತಿ ಕೂರಿಸಿದರೆ ಉಸಿರು ಕಟ್ಟುತ್ತದೆ. ಆಕಾರದಲ್ಲಿ ಯಾವ ವಿಚಿತ್ರವೂ ಇಲ್ಲದ ಒಳ್ಳೆಯ ಡ್ರಮ್ಮು ಬರೀ ಒಂದೆರಡು ಮಿ.ಮೀ.ಗಾಗಿ ಅನಾಥ. ಕೊಳ್ಳುವ ಮುಂಚೆ ಒಂದು ಹೊಸ ಹೆಡ್ ಕೈಯಲ್ಲೇ ಹಿಡಿದುಕೊಂಡು ಹೋಗಿ ಇಟ್ಟು ನೋಡಿ.

ಶೆಲ್ಲನ್ನು ಬದಲಿಸಿ ಹೆಡ್ಡನ್ನು ಬಿಟ್ಟವರ ಕಡೆ ಬರೋಣ. ಕಾನ್ಸಾಸ್ ಸಿಟಿಯ ಬಿಲ್ ಜಿಕೋಸ್ 1950ರ ದಶಕದ ಕೊನೆಗೇ ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಡ್ರಮ್ ಮಾಡಿದವರು. ಐರನ್ ಬಟರ್‌ಫ್ಲೈ ತಂಡದ ರಾನ್ ಬುಶಿ ಬಾರಿಸಿದ್ದು ಅವರ ಕಿಟ್ಟು. ನ್ಯೂಯಾರ್ಕಿನಲ್ಲಿ ಬಾಬ್ ಗ್ರಾಸೊ ಮತ್ತು ಜಾನ್ ಮೊರೇನ ‘ಫೈಬ್ಸ್’ ಹೆಸರಿನಲ್ಲಿ ಫೈಬರ್‌ಗ್ಲಾಸ್ ಶೆಲ್ ಮಾಡಿದರು, ಆ ಕಂಪನಿಯನ್ನು ಗಿಟಾರಿಗೆ ಹೆಸರಾದ ಮಾರ್ಟಿನ್ ಕೊಂಡಿತು. 1970ರ ದಶಕದ ಆರಂಭದಲ್ಲಿ ಲಡ್ವಿಗ್ ‘ವಿಸ್ಟಲೈಟ್’ ತಂದಿತು. ಲೆಡ್ ಝೆಪೆಲಿನ್ ತಂಡದ ಜಾನ್ ಬಾನಮ್ ಅವರ ಜೇನುಬಣ್ಣದ ಕಿಟ್ ನೀವೆಲ್ಲ ಕಂಡಿರುತ್ತೀರಿ: 26 ಇಂಚಿನ ಬಾಸ್, 14ರ ಟಾಮ್, 16 ಮತ್ತು 18ರ ಫ್ಲೋರ್ ಟಾಮ್. ಎಲ್ಲಕ್ಕೂ ಇವತ್ತು ಹೆಡ್ ಸಿಗುತ್ತದೆ.

ಅಕ್ರಿಲಿಕ್ಕಿನ ಸಾವು ಬೇರೆ ದಾರಿಯಲ್ಲಿ ಬರುತ್ತದೆ. ಹಾಳೆಯನ್ನು ಬಿಸಿ ಮಾಡಿ ಸುತ್ತಿ ಅಂಟಿಸಿದ ಜೋಡಣೆ ಒಂದು. ಹಳೆಯ ವಿಸ್ಟಲೈಟುಗಳಲ್ಲಿ ಇದು ಬಿಟ್ಟುಕೊಳ್ಳುವುದು ಸಾಮಾನ್ಯ. ಎರಡನೆಯದು ಲಗ್ಗಿನ ತೂತು. ಬಿಸಿಗೆ ಅಕ್ರಿಲಿಕ್ ಲೋಹಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ತೂತು ಸ್ಕ್ರೂವಿನಷ್ಟೇ ಬಿಗಿಯಾಗಿದ್ದರೆ ಹಿಗ್ಗಲು ಎಡೆಯಿಲ್ಲದೆ ಅಲ್ಲಿಂದಲೇ ಕೂದಲಿನಂಥ ಬಿರುಕು ಹೊರಡುತ್ತದೆ. ತೂತು ಸ್ವಲ್ಪ ಸಡಿಲವಿರಲಿ, ಲಗ್ಗಿನಡಿ ತೆಳು ರಬ್ಬರ್ ಇರಲಿ, ಸ್ಕ್ರೂ ಕೈಬಿಗಿ ಸಾಕು. ಬಿರುಕು ಶುರುವಾಗಿದ್ದರೆ ಅದರ ತುದಿಯಲ್ಲಿ 2 ಮಿ.ಮೀ. ತೂತು ಕೊರೆದರೆ ಮುಂದೆ ಓಡುವುದು ನಿಲ್ಲುತ್ತದೆ. ಮಾಮೂಲಿ ಡ್ರಿಲ್ ಬಿಟ್ ಅಕ್ರಿಲಿಕ್ಕನ್ನು ಕಚ್ಚಿ ಚಕ್ಕೆ ಎಬ್ಬಿಸುತ್ತದೆ, ಅದರ ಬಾಯಂಚನ್ನು ಸ್ವಲ್ಪ ಮೊಂಡು ಮಾಡಿ ನಿಧಾನ ಕೊರೆಯಿರಿ. ಒರೆಸಲು ಸೋಪಿನ ನೀರು ಮಾತ್ರ. ಗಾಜು ಒರೆಸುವ ಅಮೋನಿಯಾ ದ್ರಾವಣ, ಸ್ಪಿರಿಟ್, ಥಿನ್ನರ್ ಯಾವುದು ತಾಗಿದರೂ ಒಳಗೆ ಜೇಡರ ಬಲೆಯಂಥ ಗೆರೆಗಳು ಏಳುತ್ತವೆ, ಆಮೇಲೆ ಅವಕ್ಕೆ ಮದ್ದಿಲ್ಲ.

ನಡುವೆ ಒಂದು ಲೆಕ್ಕ. ಡ್ರಮ್ಮರ್ ಕಾರ್ಲ್ ಪಾಮರ್ 1970ರ ದಶಕದ ಆರಂಭದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕಿಟ್ ಮಾಡಿಸಿಕೊಂಡಿದ್ದರು, ಶೆಲ್ಲಿನ ದಪ್ಪ ಕಾಲಿಂಚು, ಮೇಲೆ ಬೇಟೆಯ ದೃಶ್ಯಗಳ ಕೆತ್ತನೆ. 24 ಇಂಚು ಅಗಲ, 14 ಇಂಚು ಆಳದ ಶೆಲ್ಲನ್ನು ಕಾಲಿಂಚು ಸ್ಟೀಲಿನಲ್ಲಿ ಮಾಡಿದರೆ ಬರೀ ಶೆಲ್ಲೇ ಸುಮಾರು 34 ಕಿಲೊ. ಅಷ್ಟೇ ದಪ್ಪದ ಮೇಪಲ್ ಆದರೆ 3 ಕಿಲೊ. ಹೊರುವವರ ಬೆನ್ನನ್ನು ನೆನೆದು ಮುಂದಕ್ಕೆ ಹೋಗೋಣ.

ರೋಜರ್ ನಾರ್ತ್ ಅವರ ಡ್ರಮ್ಮು ನನ್ನ ಲೆಕ್ಕದಲ್ಲಿ ಈ ಗುಂಪಿನ ಅತಿ ಜಾಣ ಕೆಲಸ. ಮೈಕ್ ಇಲ್ಲದ ವೇದಿಕೆಯಲ್ಲಿ ಟಾಮಿನ ದನಿ ನೆಲಕ್ಕೆ ಹೋಗುತ್ತದೆ, ಕೇಳುಗರಿಗೆ ಹೋಗುವುದಿಲ್ಲ. ಅವರು ಶೆಲ್ಲನ್ನು ಕೊಂಬಿನಂತೆ ಬಾಗಿಸಿ, ಬಾಯಿ ಅಗಲಿಸಿ, ಪ್ರೇಕ್ಷಕರ ಕಡೆ ತಿರುಗಿಸಿದರು. ಮೇಲೊಂದೇ ಹೆಡ್, ಅದೂ ಅಂಗಡಿಯಲ್ಲಿ ಸಿಗುವ ವೃತ್ತ. ಡ್ರಮ್ಮರ್ ಬಿಲಿ ಕಾಬಮ್ ಇವನ್ನು ಬಾರಿಸಿದ್ದಾರೆ. ಇಂಥ ಆಕಾರ ಮರದಲ್ಲಿ ಬರುವುದಿಲ್ಲ, ಅಚ್ಚಿನಲ್ಲಿ ಫೈಬರ್‌ಗ್ಲಾಸ್ ಹಾಕಿಯೇ ತೆಗೆಯಬೇಕು. ಒಂದರೊಳಗೊಂದು ಇಟ್ಟು ಸಾಗಿಸಲು ಬರುವುದಿಲ್ಲ, ಪ್ರತಿಯೊಂದಕ್ಕೂ ಬೇರೆ ಪೆಟ್ಟಿಗೆ ಬೇಕು. ಹಾಗಾಗಿ ಕೊಂಬಿನ ಬಾಯಿಯ ಅಂಚು ಒಡೆಯದ ನಾರ್ತ್ ಕಿಟ್ ಸಿಗುವುದು ಅಪರೂಪ.

ಒಡೆದದ್ದನ್ನು ಕೂಡಿಸಬಹುದು. ಮೊದಲು ಹೊರ ಬಣ್ಣದ ಪದರದಲ್ಲಿ ಮಾತ್ರ ಗೆರೆಯೋ, ಗಾಜಿನೆಳೆಯೂ ತುಂಡಾಗಿದೆಯೋ ನೋಡಿ. ಎರಡೂ ಪಕ್ಕ ಬೆರಳಿಟ್ಟು ಒತ್ತಿದಾಗ ಅಲ್ಲಾಡಿದರೆ ಎಳೆ ಹೋಗಿದೆ. ಒಳಗಡೆಯಿಂದ ಬಿರುಕನ್ನು ಓರೆಯಾಗಿ ತೋಡಿ, ಸುತ್ತ ಎರಡು ಇಂಚು 80ರ ಮರಳು ಕಾಗದದಲ್ಲಿ ಉಜ್ಜಿ, ಅಸಿಟೋನಿನಲ್ಲಿ ಒರೆಸಿ, ಗಾಜಿನ ಮ್ಯಾಟ್ ಎರಡು ಮೂರು ಪದರ ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಅದ್ದಿ ಕೂರಿಸಿ. ಹಾರ್ಡನರ್ ತೂಕದಲ್ಲಿ ನೂರಕ್ಕೆ ಒಂದರಿಂದ ಎರಡು ಭಾಗ. ಕಡಿಮೆಯಾದರೆ ವಾರವಾದರೂ ಅಂಟಂಟು, ಹೆಚ್ಚಾದರೆ ಕುದಿದಂತೆ ಬಿಸಿಯಾಗಿ ಒಣಗುವಾಗಲೇ ಬಿರಿಯುತ್ತದೆ. ಕಿಟಕಿ ತೆರೆದಿರಲಿ, ಧೂಳಿಗೂ ಹಬೆಗೂ ಬೇರೆ ಬೇರೆ ಮಾಸ್ಕ್ ಬೇಕು.

ಶ್ರುತಿ ಮಾಡುವ ಬೇಸರವನ್ನೇ ತೆಗೆದುಹಾಕಲು ಹೊರಟವರೂ ಇದ್ದಾರೆ. ಲಂಡನ್ನಿನ ಐವರ್ ಆರ್ಬಿಟರ್ 1970ರ ದಶಕದಲ್ಲಿ ತಂದ ‘ಆಟೊಟ್ಯೂನ್’ ಡ್ರಮ್ಮಿನಲ್ಲಿ ಆರೆಂಟು ರಾಡುಗಳಿಲ್ಲ. ಜಾಡಿಯ ಮುಚ್ಚಳದಂತೆ ಇಡೀ ರಿಮ್ಮೇ, ಅಂದರೆ ಹೊರ ಹೂಪೇ, ಶೆಲ್ಲಿನ ಮೇಲೆ ತಿರುಗಿ ಬಿಗಿಯಾಗುತ್ತದೆ. ಹೆಡ್ ಎಲ್ಲ ಕಡೆ ಒಂದೇ ದಪ್ಪ, ಶೆಲ್ ಪಕ್ಕಾ ವೃತ್ತ, ಅಂಚು ಪಕ್ಕಾ ಸಮ ಇದ್ದರೆ ಅದ್ಭುತ. ಒಂದರಲ್ಲಿ ಕೊಂಚ ತಪ್ಪಿದರೂ ಸರಿಪಡಿಸಲು ಕೈಗೆ ಏನೂ ಸಿಗುವುದಿಲ್ಲ. ರಾಡುಗಳಿರುವುದು ಬಿಗಿ ಮಾಡಲಿಕ್ಕೆ ಮಾತ್ರವಲ್ಲ, ಉಳಿದವರ ತಪ್ಪು ಮುಚ್ಚಲಿಕ್ಕೂ ಎಂಬುದು ಇಲ್ಲಿ ಗೊತ್ತಾಗುತ್ತದೆ. ಆ ದೊಡ್ಡ ಎಳೆ ಸವೆದರೆ ರಿಮ್ ಮತ್ತೆಲ್ಲೂ ಸಿಗುವುದಿಲ್ಲ. ಮರಳು ಕಣ ಸೇರಿದ ಎಳೆಯನ್ನು ಬಲವಂತವಾಗಿ ತಿರುಗಿಸಬೇಡಿ, ಬ್ರಷ್ಷಿನಲ್ಲಿ ಒಣದಾಗಿ ಗುಡಿಸಿ ಆಮೇಲೆ ತೆಳುವಾಗಿ ಮೇಣ ಹಚ್ಚಿ. ಸಂಗೀತ ರಚನಕಾರ ಮೈಕಲ್ ಕೋಲ್‌ಗ್ರಾಸ್ ಮತ್ತು ತಾಳವಾದ್ಯಗಾರ ಆಲ್ ಪೇಸನ್ ಕಲ್ಪಿಸಿ ರೆಮೊ ಕಂಪನಿ ಮಾಡಿದ ರೊಟೊಟಾಮ್ ಕೂಡ ತಿರುಗಿಸಿಯೇ ಶ್ರುತಿಯಾಗುವುದು. ಆದರೆ ಅಲ್ಲಿ ತಿರುಗುವುದು ನಡುವಿನ ಕಂಬದ ಎಳೆ, ರಿಮ್ಮಿನಲ್ಲಿ ರಾಡುಗಳು ಹಾಗೇ ಇವೆ. ಅದು ಉಳಿಯಿತು.

ಕೊಳ್ಳಲು ಹೊರಟವರಿಗೆ ಒಂದಿಷ್ಟು. ‘ಹೊರಗೆ ಥಳಕು, ಒಳಗೆ ಹುಳುಕು’ ಎಂಬುದು ಹಳೆಯ ಲಗ್ಗುಗಳನ್ನು ನೋಡಿಯೇ ಹುಟ್ಟಿದ ಮಾತಿನಂತಿದೆ. ರಾಜರ್ಸ್ ಕಂಪನಿಯ ಹಾರ್ಡ್‌ವೇರ್ ಆ ಕಾಲಕ್ಕೆ ಎಲ್ಲರಿಗಿಂತ ಮುಂದು. ಜೋ ಥಾಂಪ್ಸನ್ ಅವರ ‘ಸ್ವಿವ್-ಒ-ಮ್ಯಾಟಿಕ್’ ಗುಂಡು ಕೀಲು, ಆರುಮೂಲೆಯ ಸರಳು ಇಂದಿಗೂ ಗಟ್ಟಿ. ಅದೇ ಕಂಪನಿಯ ‘ಬ್ರೆಡ್ ಆ್ಯಂಡ್ ಬಟರ್’ ಲಗ್ಗು ತೆಳು ಹಿತ್ತಾಳೆ ತಗಡಿನದು, ಬಿಗಿಗೆ ಬಿರಿಯುತ್ತದೆ. ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ. ಕ್ಯಾಮ್ಕೊ ಕಂಪನಿಯ ದುಂಡು ಲಗ್ಗಿನ ಅದೃಷ್ಟ ನೋಡಿ: ಜಾರ್ಜ್ ವೇ ಅವರಿಂದ ಬಂದದ್ದು, ಕ್ಯಾಮ್ಕೊ ಮುಚ್ಚಿದ ಮೇಲೆ ಅಚ್ಚುಗಳು ಡ್ರಮ್ ವರ್ಕ್‌ಶಾಪ್ ಕೈ ಸೇರಿದವು, ಆ ಆಕಾರ ಈಗಲೂ ಎರಕಕ್ಕೆ ಹೋಗುತ್ತಿದೆ.

ರಾಡು ಬದಲಿಸುವಾಗ ಎಳೆಯ ಅಳತೆ ನೋಡಿ. ಅಮೆರಿಕದ ಡ್ರಮ್ಮುಗಳಲ್ಲಿ ಬಹುಪಾಲು 12-24, ಅಂದರೆ 5.5 ಮಿ.ಮೀ. ದಪ್ಪ, ಇಂಚಿಗೆ 24 ಎಳೆ. ಜರ್ಮನಿಯವು ಮೆಟ್ರಿಕ್. ಎಳೆಗಳ ಅಂತರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಮೊದಲ ಒಂದು ಸುತ್ತು ಹೋಗಿಬಿಡುತ್ತದೆ, ಅಲ್ಲೇ ಮೋಸ. ಬೆರಳಿನಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗದಿದ್ದರೆ ಕೀಲಿ ಹಾಕಲೇಬೇಡಿ.

ಮೇಲೆ ಸುತ್ತಿದ ಮುತ್ತಿನ ಹೊಳಪಿನ ಹಾಳೆಯನ್ನು ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್, ಬೆಂಕಿಗೆ ಭಗ್ಗನೆ ಹೊತ್ತುವಂಥದ್ದು. ಕಿತ್ತು ಅಂಟಿಸಲು ಹೀಟ್ ಗನ್ ಹಿಡಿದರೆ ಡ್ರಮ್ಮಿನ ಜೊತೆ ಕೋಣೆಯೂ ಹೋದೀತು. ವಿನೆಗರಿನ ಹುಳಿ ವಾಸನೆ ಬಂದರೆ ಅಸಿಟೇಟ್, ಅದು ಕೊಳೆಯತೊಡಗಿದೆ. ಗಾಳಿ ಆಡುವ ಕಡೆ ಬೇರೆಯಾಗಿಡಿ, ಮುಚ್ಚಿದ ಪೆಟ್ಟಿಗೆಯಲ್ಲಿ ಹುಳಿ ಇನ್ನಷ್ಟು ಏರುತ್ತದೆ.

ಚರ್ಮದ ಹೆಡ್ ಇರುವ ಕಿಟ್ ಎತ್ತಿಡುವಾಗ ಸಡಿಲ ಮಾಡಬೇಕೇ ಎಂದು ಅಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ. ತೇವದ ದಿನ ಬಾರಿಸಿದ್ದರೆ ಖಂಡಿತ ಮಾಡಬೇಕು. ತೇವಕ್ಕೆ ಜೋತುಬಿದ್ದ ಚರ್ಮವನ್ನು ನೀವು ಕಾರ್ಯಕ್ರಮಕ್ಕಾಗಿ ತಿರುಗಿಸಿ ತಿರುಗಿಸಿ ಏರಿಸಿರುತ್ತೀರಿ. ಹಾಗೇ ಪೆಟ್ಟಿಗೆಗೆ ಹಾಕಿದರೆ ರಾತ್ರಿ ಒಣಗುವಾಗ ಕುಗ್ಗಿ, ಬೆಳಿಗ್ಗೆ ತೆರೆದಾಗ ನಡುವೆ ಸೀಳಿರುತ್ತದೆ. ಪ್ರತಿ ರಾಡನ್ನೂ ಏರಿಸಿದಷ್ಟೇ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ. ಪೂರ್ತಿ ಬಿಚ್ಚಿಟ್ಟರೆ ಒಣಗುವಾಗ ಬಳೆ ಸೊಟ್ಟಗಾಗುತ್ತದೆ.